ನಡುವಿನ ಉಪ್ಪು

ನಮ್ಮೂರಲ್ಲಿ ಹೆಸರಿಲ್ಲದ ಮಗುವಿನ ತಾಯಿಯನ್ನು ದೂರದಿಂದಲೇ ಗುರುತಿಸಬಹುದು. ಮೈ ಸೊರಗಿರುತ್ತದೆ, ಕಾಲುಗಳು ಮಾತ್ರ ಗಟ್ಟಿಯಾಗಿರುತ್ತವೆ. ಬಾ ಎಂದು ಕೂಗಿ ಕರೆಯುವಂತಿಲ್ಲ, ಮಗು ಎಲ್ಲಿ ಹೋದರೂ ಇವಳೇ ಎದ್ದು ಹೋಗಿ ಎತ್ತಿಕೊಂಡು ಬರಬೇಕು. ಒಲೆಯ ಮುಂದೆ ಕೂತವಳು ಹಂಚಿನ ಮೇಲೆ ರೊಟ್ಟಿ ಬಿಟ್ಟು ಓಡಬೇಕು. ಚಿನ್ನ, ರಾಜ ಎಂದು ಮುದ್ದಿಗೆ ಕರೆಯುವುದೂ ಇಲ್ಲ. ಪ್ರತಿ ಮನೆಯ ಪಡಸಾಲೆಯಲ್ಲೂ ಗಾಜಿನ ತೊಟ್ಟಿಯಲ್ಲಿ ಬೆಳೆಯುವ ಜೀವಂತ ಹವಳ ಹೊಸ ಕವಲೊಡೆದ ಮೇಲೆಯೇ ಮಗುವಿಗೆ ಹೆಸರು. ಅದಕ್ಕೆ ಮೊದಲು ಯಾರಾದರೂ ಕರೆದುಬಿಟ್ಟರೆ ಹವಳ ಬುಡದಿಂದ ಬೆಳ್ಳಗಾಗುತ್ತಾ ಬಂದು ಸಾಯುತ್ತದೆ. ಬಡಿಗೇರ ಓಣಿಯಲ್ಲಿ ಹಾಗೆ ಹವಳ ಕಳೆದುಕೊಂಡ ಮನೆಯವರು ಈಗಲೂ ಬರಿ ನೀರಿನ ತೊಟ್ಟಿಗೆ ದೀಪ ಹಚ್ಚುತ್ತಾರೆ.

ಸಮುದ್ರವನ್ನು ನಮ್ಮೂರಲ್ಲಿ ಯಾರೂ ಕಂಡಿಲ್ಲ. ಮನೆಯಲ್ಲೇ ಒಂದು ತೊಟ್ಟಿಯಷ್ಟು ಇರುವಾಗ ಅಷ್ಟು ದೂರ ಯಾಕೆ ಹೋಗಬೇಕು ಎಂಬುದು ನಮ್ಮವರ ವಾದ. ಮಾಳಿಗೆಯಿಂದ ಇಳಿದ ಮಳೆನೀರಿಗೆ ಅಂಗಡಿಯಿಂದ ತಂದ ಕಡಲುಪ್ಪು ಕಲಸಿ, ಮೋಟರು ತಿರುಗಿಸಿ, ತಿಳಿಯಾದ ಮೇಲೆ ತೊಟ್ಟಿಗೆ ಹಾಕುತ್ತಾರೆ. ಹಳೆಯ ನೀರನ್ನು ಒಂದಿಷ್ಟು ತೆಗೆದು ಹೊಸದನ್ನು ತುಂಬುವ ಕೆಲಸ ವಾರಕ್ಕೊಮ್ಮೆ, ಮನೆ ಸಾರಿಸುವ ದಿನವೇ ನಡೆಯುತ್ತದೆ. ಆ ನೀರನ್ನು ಪರೀಕ್ಷೆ ಮಾಡುವುದು ನನ್ನ ಕಸುಬು. ನನ್ನ ಹೆಸರು ದಾನಮ್ಮ, ಊರವರ ಬಾಯಲ್ಲಿ ನೀರಿನ ದಾನಕ್ಕ. ಸಿರಿಂಜು, ಸಣ್ಣ ಗಾಜಿನ ಬಟ್ಟಲು, ಔಷಧದ ಶೀಷೆಗಳನ್ನು ಕೈಚೀಲದಲ್ಲಿ ಹಾಕಿಕೊಂಡು ಮನೆಮನೆ ತಿರುಗುತ್ತೇನೆ. ನನ್ನ ಬಾಯಿ ಜೋರು ಅನ್ನುತ್ತಾರೆ. ತೊಟ್ಟಿಗೆ ಪಂಚಾಮೃತ ಸುರಿದು, ಆಮೇಲೆ ಹವಳ ಯಾಕೆ ಮುದುಡಿತು ಎಂದು ನನ್ನನ್ನೇ ಕೇಳುವ ಜನರ ನಡುವೆ ಮೆತ್ತಗಿನ ಬಾಯಿ ಇಟ್ಟುಕೊಂಡು ಬದುಕುವುದು ಹೇಗೋ ನನಗೆ ತಿಳಿಯದು.

ನಮ್ಮ ಮನೆಯ ಹವಳದ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಊರಿಗೇ ಚೆಂದದ ಹವಳ ಅದು. ನೇರಳೆ ಮೈ, ತಿಳಿನೀಲಿ ತುದಿ. ಕವಲೊಡೆದು ಕವಲೊಡೆದು ಗಾಜಿಗೆ ತಾಗುತ್ತಿತ್ತು. ನಮಗೆ ಮಾತ್ರ ಮಕ್ಕಳಾಗಲಿಲ್ಲ. ಮದುವೆಯಾದ ಹೊಸತರಲ್ಲಿ ನಾನೂ ನಮ್ಮನೆಯವರೂ ಒಂದು ಹೆಸರು ಆರಿಸಿಟ್ಟುಕೊಂಡಿದ್ದೆವು. ಮಗುವಿಗೆಂದು ಇಟ್ಟುಕೊಂಡ ಹೆಸರನ್ನು ಮೊದಲೇ ಬಾಯಲ್ಲಿ ಆಡಬಾರದಲ್ಲ, ಹಾಗಾಗಿ ಅವರು ಅದನ್ನು ಒಮ್ಮೆ ನನ್ನ ಅಂಗೈಯಲ್ಲಿ ಬೆರಳಿನಿಂದ ಬರೆದಿದ್ದರು. ಆಮೇಲೆ ಇಬ್ಬರೂ ಅದರ ಮಾತೆತ್ತಲಿಲ್ಲ. ಹವಳ ಹೊಸ ಕವಲೊಡೆದಾಗಲೆಲ್ಲ ಕೆಲವು ದಿನ ನೋಡಿ, ಇಕ್ಕಳದಿಂದ ಕತ್ತರಿಸಿ, ಹೊಸದಾಗಿ ಸಂಸಾರ ಹೂಡಿದವರಿಗೆ ಕೊಟ್ಟುಬಿಡುತ್ತಿದ್ದೆ. ಊರಿನ ಎಷ್ಟೋ ತೊಟ್ಟಿಗಳಲ್ಲಿ ಬೆಳೆದಿರುವುದು ನಮ್ಮ ಮನೆಯ ತುಂಡುಗಳೇ. ನಗುನಗುತ್ತಲೇ ಕೊಟ್ಟಿದ್ದೇನೆ. ಅವರು ಹೋದ ಮೇಲೆ ಹೊಟ್ಟೆ ಉರಿದದ್ದೂ ಉಂಟು.

ನನ್ನ ತಮ್ಮ ಬಸಲಿಂಗನ ಮನೆ ನಮ್ಮಿಂದ ಎರಡು ಓಣಿ ಆಚೆ. ಅವನು ಉಪ್ಪಿನ ಲಾರಿ ಓಡಿಸುವವನು, ಹೆಚ್ಚಿನ ದಿನ ದಾರಿಯಲ್ಲೇ ಕಳೆಯುತ್ತಾನೆ. ಮನೆಯಲ್ಲಿರುವವರು ನಮ್ಮವ್ವ, ಅವನ ಹೆಂಡತಿ ಕಸ್ತೂರಿ, ಅವರ ಗಂಡುಮಗು. ಮಗು ಬೋರಲು ಬಿತ್ತು, ಅಂಬೆಗಾಲಿಟ್ಟಿತು, ಗೋಡೆ ಹಿಡಿದು ನಿಂತಿತು, ಹವಳ ಮಾತ್ರ ಇದ್ದಹಾಗೇ ಇತ್ತು. ಹೆಸರಿಲ್ಲದ ಮಗು ತನ್ನ ಕಾಲ ಮೇಲೆ ತಾನೇ ಹೊಸ್ತಿಲು ದಾಟಿಬಿಟ್ಟರೆ ಆ ಮನೆಯ ಹವಳಕ್ಕೆ ಅದು ಬೇಡವಾಗಿದೆ ಎಂದು ನಮ್ಮೂರಲ್ಲಿ ತಿಳಿಯುತ್ತಾರೆ. ಆಗ ಮಗು ಸೋದರತ್ತೆಯ ಮನೆಗೆ ಹೋಗಿ, ಅಲ್ಲಿಯ ಹವಳದಿಂದ ಹೆಸರು ಪಡೆದು, ಅಲ್ಲಿಯದೇ ಆಗಿಬಿಡುತ್ತದೆ. ಹೆತ್ತವಳು ಆಮೇಲೆ ಅದನ್ನು ಮಗನೇ ಎನ್ನುವಂತಿಲ್ಲ. ಈ ಮಗುವಿಗೆ ಸೋದರತ್ತೆ ಅಂದರೆ ನಾನೊಬ್ಬಳೇ.

ಹೆಸರು ಇಡುವವಳೂ ಸೋದರತ್ತೆಯೇ. ಮನೆಯವರು ತಾವು ಆರಿಸಿದ ಹೆಸರನ್ನು ಅವಳ ಅಂಗೈಯಲ್ಲಿ ಬೆರಳಿನಿಂದ ಬರೆದು ತಿಳಿಸುತ್ತಾರೆ. ಕವಲು ಕಂಡ ದಿನ ಅವಳು ಮಗುವಿನ ಕಿವಿಯಲ್ಲಿ ಕುರ್ರ್ ಎಂದು ಊದಿ ಹೆಸರು ಹೇಳುತ್ತಾಳೆ. ಹೇಳಿದ ಕೂಡಲೇ ನೆರೆದ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದುತ್ತಾರೆ. ಕಿವಿಯಲ್ಲಿ ಹೇಳಿದರೂ ಸರಿ, ಕೂಗಿ ಹೇಳಿದರೂ ಸರಿ, ಅವಳ ಬಾಯಿಂದ ಮೊದಲು ಬಂದದ್ದೇ ಹೆಸರು, ಮತ್ತೆ ಅದನ್ನು ಬದಲಿಸುವಂತಿಲ್ಲ. ಇಷ್ಟೆಲ್ಲ ಅಧಿಕಾರ ಇರುವವಳಿಗೆ ಒಂದು ಕಟ್ಟು ಬೇಡವೇ? ಮಗುವಿಗೆ ಹೆಸರು ಬೀಳುವವರೆಗೆ ಅವಳು ತವರಿನ ತೊಟ್ಟಿಗೆ ಕೈ ಹಾಕುವಂತಿಲ್ಲ. ಹೀಗಾಗಿ ಊರಿನವರ ನೀರನ್ನೆಲ್ಲ ನೋಡುವ ನಾನು ನಮ್ಮವ್ವನ ಮನೆಯ ನೀರನ್ನು ಮಾತ್ರ ದೂರ ನಿಂತು ನೋಡಬೇಕಾಯಿತು.

ಅವ್ವನೂ ಕಸ್ತೂರಿಯೂ ಒಬ್ಬರಿಗೊಬ್ಬರು ಹೇಳದೆ ಬೇರೆ ಬೇರೆ ದಿನ ನನ್ನ ಅಂಗೈಯಲ್ಲಿ ಹೆಸರು ಬರೆದಿದ್ದರು. ಅವ್ವ ತನ್ನ ಒರಟು ಬೆರಳಿನಿಂದ ನಿಧಾನವಾಗಿ ಬರೆದದ್ದು ತೀರಿಹೋದ ನಮ್ಮಪ್ಪನ ಹೆಸರು. ಕಸ್ತೂರಿ ಬರೆದದ್ದು ಈಗಿನ ಕಾಲದ ಹೆಸರು, ಅದರ ಒತ್ತಕ್ಷರಗಳೆಲ್ಲ ನನ್ನ ಅಂಗೈಯಲ್ಲಿ ಹಿಡಿಸದೆ ಮುಂಗೈಗೆ ಹತ್ತಿದ್ದವು. ಇಬ್ಬರಿಗೂ ನಾನು ಆಗಲಿ ಎಂದು ತಲೆಯಾಡಿಸಿದೆ. ಕವಲೇ ಒಡೆಯದೆ ಜಗಳ ಯಾಕೆ ಎಂದು ನನ್ನ ಯೋಚನೆ.

ಜಗಳ ನೀರಿನಲ್ಲಿ ಆಗಲೇ ಶುರುವಾಗಿತ್ತು. ಹವಳ ಬೆಳೆಯಲು ಮುಖ್ಯವಾಗಿ ಬೇಕಾಗುವುದು ಕ್ಯಾಲ್ಸಿಯಂ ಮತ್ತು ಸೋಡಾ. ಕ್ಯಾಲ್ಸಿಯಮ್ಮಿಗೆ ನಮ್ಮವರು ಸುಣ್ಣದ ಪುಡಿ ಅನ್ನುತ್ತಾರೆ. ಈ ಎರಡರ ಅಳತೆ ನೋಡುವುದು ಎಲ್ಲ ಮನೆಯ ಹೆಂಗಸರಿಗೂ ಗೊತ್ತು. ಅವ್ವ ಸೋಡಾ ನೋಡಿದಳು, ಕಡಿಮೆ ಇತ್ತು, ಬೆಳಿಗ್ಗೆ ಪೂಜೆ ಮುಗಿಸಿ ಒಂದು ಚಮಚ ಹಾಕಿದಳು. ಕಸ್ತೂರಿ ಸುಣ್ಣ ನೋಡಿದಳು, ಕಡಿಮೆ ಇತ್ತು, ಮಧ್ಯಾಹ್ನ ಅತ್ತೆ ಮಲಗಿದಾಗ ಒಂದು ಚಮಚ ಹಾಕಿದಳು. ಮರುದಿನ ನೋಡಿದರೆ ಎರಡೂ ಮತ್ತೆ ಇಳಿದಿರುತ್ತಿದ್ದವು. ಚಮಚ ಇದ್ದದ್ದು ಬಟ್ಟಲಾಯಿತು. ನೀರಿನಲ್ಲಿ ಬಿಳಿಯ ಪುಡಿ ಏಳತೊಡಗಿತು. ಮೋಟರಿಗೆ, ಗಾಜಿಗೆ, ಹವಳದ ಹೆಗಲಿಗೆಲ್ಲ ಬಿಳಿ ಹಕ್ಕಳೆ ಕಟ್ಟಿತು, ತಳದ ಮರಳು ಗಚ್ಚಿನ ನೆಲದ ಹಾಗೆ ಗಟ್ಟಿಯಾಯಿತು. ಇಷ್ಟರ ಮೇಲೆ, ಬಾಣಂತಿ ಮನೆ, ಹವಳಕ್ಕೆ ಗಾಬರಿಯಾಗಬಾರದು ಎಂದು ಮಗು ಹುಟ್ಟಿದ ದಿನದಿಂದ ನೀರು ಬದಲಿಸುವುದನ್ನೇ ನಿಲ್ಲಿಸಿದ್ದರು. ಇದೆಲ್ಲ ಅವರು ಮಗುವಿನ ಮೇಲಿನ ಪ್ರೀತಿಗೇ ಮಾಡಿದ್ದು.

ಒಂದು ದಿನ ಅವ್ವ ಕವಲೊಡೆಯಿತೆಂದು ಓಣಿಯವರನ್ನೆಲ್ಲ ಕರೆಸಿದಳು. ನಾನು ಹೊಸ ಸೀರೆ ಉಟ್ಟುಕೊಂಡು ಹೋದೆ. ಹವಳದ ಮೇಲ್ಭಾಗದಲ್ಲಿ ಬೆಳ್ಳಗೆ ಮೊಗ್ಗಿನಂಥದ್ದೊಂದು ಎದ್ದಿತ್ತು. ಮಗುವಿನ ಕಿವಿಗೆ ಬಾಯಿ ಇಡುವ ಮೊದಲು, ಯಾಕೋ ಅನುಮಾನವಾಗಿ, ಬೆರಳಿನಿಂದ ಮುಟ್ಟಿ ನೋಡು ಎಂದು ಕಸ್ತೂರಿಗೆ ಹೇಳಿದೆ. ಮುಟ್ಟಿದರೆ ಹಕ್ಕಳೆ ಕಳಚಿ ಕೈಗೆ ಬಂತು. ನೆರೆದವರು ಒಬ್ಬೊಬ್ಬರಾಗಿ ಎದ್ದು ಹೋದರು. ಆ ಗಡಿಬಿಡಿಯಲ್ಲೇ ಮಗು ಗೋಡೆ ಬಿಟ್ಟು ಒಂಟಿಯಾಗಿ ನಿಂತದ್ದನ್ನು ನಾನೂ ಕಸ್ತೂರಿಯೂ ಒಟ್ಟಿಗೆ ನೋಡಿದೆವು. ಅವಳ ಮುಖ ಸಪ್ಪಗಾಯಿತು. ನನ್ನ ಮುಖ ಹೇಗಾಯಿತೋ, ಅವಳೇ ಹೇಳಬೇಕು.

ಅಲ್ಲಿಂದ ತಮ್ಮನ ಮನೆಯ ಬಾಗಿಲಿಗೆ ಅಡ್ಡ ಹಲಗೆ ಬಂತು. ನಮ್ಮ ಮನೆಯಲ್ಲಿ ನಮ್ಮನೆಯವರು ಪಡಸಾಲೆಯ ತೊಲೆಗೆ ಎರಡು ಕಬ್ಬಿಣದ ಕೊಂಡಿ ಹೊಡೆದರು. ಅವರು ತೊಟ್ಟಿಯ ಮೋಟರು ರಿಪೇರಿ ಮಾಡುವವರು, ಕೊಂಡಿ, ತಿರುಪು, ತಂತಿಗೆ ಮನೆಯಲ್ಲಿ ಬರವಿಲ್ಲ. ಯಾತಕ್ಕೆ ಇವು ಎಂದು ಕೇಳಿದೆ. ಉಳ್ಳಾಗಡ್ಡಿ ಕಟ್ಟಲಿಕ್ಕೆ ಅಂದರು. ಉಳ್ಳಾಗಡ್ಡಿಯ ಗೊಂಚಲನ್ನು ಜೋಕಾಲಿಯಷ್ಟು ಅಗಲಕ್ಕೆ ಎರಡು ಕೊಂಡಿಯಿಂದ ಕಟ್ಟುವವರನ್ನು ನಾನು ಎಲ್ಲೂ ಕಂಡಿಲ್ಲ. ಆದರೂ ಸುಮ್ಮನಿದ್ದೆ. ನನಗೂ ಆ ಮಗು ಬೇಕಾಗಿತ್ತು. ದಾರಿಯಲ್ಲಿ ನಡೆಯುವಾಗ ನನ್ನ ಅಂಗೈ ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು.

ಹಲಗೆ ಹಾಕಿದ ಕೆಲವು ದಿನಕ್ಕೆ ಕಸ್ತೂರಿ ಬಿರುಬಿಸಿಲಿನಲ್ಲಿ ನಮ್ಮ ಮನೆಗೆ ಬಂದಳು. ಕಂಕುಳಲ್ಲಿ ಮಗು, ಸೆರಗಿನ ಮರೆಯಲ್ಲಿ ಉಪ್ಪಿನಕಾಯಿ ಭರಣಿ. ಎತ್ತಿಕೊಂಡು ಹೊಸ್ತಿಲು ದಾಟಿಸಿದರೆ ಅದು ಲೆಕ್ಕಕ್ಕಿಲ್ಲ. ಆದರೂ ಅವಳು ಕೂತ ಮೇಲೂ ಮಗುವನ್ನು ಕೆಳಗೆ ಬಿಡಲಿಲ್ಲ. ಭರಣಿಯನ್ನು ನನ್ನ ಮುಂದೆ ಸರಿಸಿದಳು.

"ಅಕ್ಕಾರ, ಇದು ನಮ್ಮ ಮಗ್ಗಲ ಮನಿಯವರ ನೀರು. ಒಂಚೂರು ನೋಡಿ ಹೇಳ್ರಿ."

ಮುಚ್ಚಳ ತೆಗೆದರೆ ನೀರಿನಲ್ಲಿ ಬಿಳಿ ಪುಡಿ ತೇಲುತ್ತಿತ್ತು. ಮಗ್ಗುಲ ಮನೆಯವರ ನೀರನ್ನು ನಾನು ಹಿಂದಿನ ದಿನವಷ್ಟೇ ನೋಡಿ ಬಂದಿದ್ದೆ, ಕನ್ನಡಿಯ ಹಾಗೆ ಇತ್ತು. ಅವಳಿಗೂ ಅದು ಗೊತ್ತು. ನಾನು ಅವಳ ಮುಖ ನೋಡಲಿಲ್ಲ, ಅವಳು ನನ್ನ ಮುಖ ನೋಡಲಿಲ್ಲ. ತೊಟ್ಟಿಗೆ ತಾನೇ ಕೈ ಹಾಕಬಾರದು, ಭರಣಿಗೆ ಅಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಂಡು ಕೈಚೀಲ ಬಿಚ್ಚಿದೆ.

ಸುಣ್ಣ, ಸೋಡಾ ಎರಡನ್ನೂ ನೋಡುವ ಅಗತ್ಯ ಇರಲಿಲ್ಲ, ನೋಡಬೇಕಾದದ್ದು ಮೂರನೆಯದು. ಶೀಷೆಯ ಮೇಲೆ ಮೆಗ್ನೀಸಿಯಂ ಎಂದು ಬರೆದಿರುತ್ತದೆ, ನಾವು ಅದಕ್ಕೆ ನಡುವಿನ ಉಪ್ಪು ಅನ್ನುತ್ತೇವೆ. ಸುಣ್ಣವೂ ಸೋಡಾವೂ ನೀರಿನಲ್ಲಿ ನೇರವಾಗಿ ಎದುರಾದರೆ ಒಂದನ್ನೊಂದು ಹಿಡಿದುಕೊಂಡು ಪುಡಿಯಾಗಿ ತಳಕ್ಕೆ ಬೀಳುತ್ತವೆ, ಹವಳಕ್ಕೆ ಎರಡೂ ಸಿಗುವುದಿಲ್ಲ. ನಡುವಿನ ಉಪ್ಪು ಸಾಕಷ್ಟು ಇದ್ದರೆ ಎರಡೂ ತಮ್ಮ ಪಾಡಿಗೆ ತಾವು ನೀರಿನಲ್ಲೇ ಇರುತ್ತವೆ, ಹವಳ ತನಗೆ ಬೇಕಾದಷ್ಟನ್ನು ಎಳೆದುಕೊಳ್ಳುತ್ತದೆ. ವಾರವಾರ ನೀರು ಬದಲಿಸುವ ಮನೆಯಲ್ಲಿ ಹೊಸ ನೀರಿನ ಜೊತೆ ಅದೂ ಬರುವುದರಿಂದ ಯಾರೂ ಅದರ ಕಡೆ ಲಕ್ಷ್ಯ ಕೊಡುವುದಿಲ್ಲ.

ಸಿರಿಂಜಿನಲ್ಲಿ ನೀರೆಳೆದು ಬಟ್ಟಲಿಗೆ ಬಿಟ್ಟೆ. ಮೊದಲ ಶೀಷೆಯ ಹನಿ ಹಾಕಿ, ಪುಡಿ ಹಾಕಿ ಅಲ್ಲಾಡಿಸಿದರೆ ನೀರು ಕುಂಕುಮ ಕದಡಿದಂತೆ ಕೆಂಪಾಯಿತು. ಇನ್ನೊಂದು ಸಿರಿಂಜಿನಿಂದ ಕೊನೆಯ ಔಷಧವನ್ನು ಹನಿಹನಿಯಾಗಿ ಬಿಡಬೇಕು, ಪ್ರತಿ ಹನಿಗೂ ಬಟ್ಟಲು ಅಲ್ಲಾಡಿಸಬೇಕು. ಕೆಂಪು ಹೋಗಿ ಅಚ್ಚ ನೀಲಿ ಬಂದಾಗ ನಿಲ್ಲಿಸಿ, ಎಷ್ಟು ಔಷಧ ಖರ್ಚಾಯಿತು ಎಂದು ನೋಡಿದರೆ ನಡುವಿನ ಉಪ್ಪಿನ ಅಳತೆ ತಿಳಿಯುತ್ತದೆ. ಕಡಿಮೆ ಖರ್ಚಾದರೆ ಕಡಿಮೆ ಇದೆ ಎಂದರ್ಥ. ಈ ಬಟ್ಟಲು ಬಲು ಬೇಗ ನೀಲಿಯಾಯಿತು. ಸಿರಿಂಜಿನಲ್ಲಿ ಔಷಧ ಇನ್ನೂ ಬೇಕಾದಷ್ಟು ಉಳಿದಿತ್ತು.

ನೀಲಿಯಾದ ಮೇಲೆ ಇನ್ನೆಷ್ಟು ಹನಿ ಬಿಟ್ಟರೂ ನೀಲಿಯೇ. ಎಲ್ಲಿ ನಿಲ್ಲಿಸಬೇಕಿತ್ತು ಎಂಬುದು ಬಿಟ್ಟವಳಿಗೆ ಮಾತ್ರ ಗೊತ್ತಿರುತ್ತದೆ. ಇನ್ನೊಂದಿಷ್ಟು ಒತ್ತಿ, ಮಗ್ಗುಲ ಮನೆಯ ನೀರು ಸರಿಯಾಗಿಯೇ ಇದೆ ಕಸ್ತೂರಿ, ಎಂದುಬಿಟ್ಟರೆ ಮುಗಿಯಿತು. ಮಗು ಅವಳ ಕಂಕುಳಿಂದ ಬಾಗಿ ನನ್ನ ಬಟ್ಟಲಿನ ನೀಲಿ ನೀರಿಗೆ ಕೈ ಚಾಚುತ್ತಿತ್ತು. ಅದರ ಕಾಲು ನನ್ನ ಮೊಣಕಾಲಿಗೆ ಬಡಿಯುತ್ತಿತ್ತು. ಆಚೆ ಮೂಲೆಯಲ್ಲಿ ಮೋಟರು ಬಿಚ್ಚಿಕೊಂಡು ಕೂತಿದ್ದ ನಮ್ಮನೆಯವರ ಇಕ್ಕಳದ ಸದ್ದು ನಿಂತಿತ್ತು. ನನ್ನ ಹೆಬ್ಬೆರಳು ಸಿರಿಂಜಿನ ಮೇಲೇ ಇತ್ತು. ನಾನು ಆ ಬೆರಳನ್ನು ತೆಗೆದು, ಸಿರಿಂಜನ್ನು ನೆಲಕ್ಕಿಟ್ಟೆ.

ಸಾವಿರದ ಮುನ್ನೂರು ಇರಬೇಕಾದ ಕಡೆ ಸಾವಿರವೂ ಇಲ್ಲ ಎಂದು ಹೇಳಿದೆ. ಸುಣ್ಣವನ್ನೂ ಸೋಡಾವನ್ನೂ ಇವತ್ತೇ ನಿಲ್ಲಿಸಬೇಕು. ನೀರು ಬದಲಿಸಲು ಶುರು ಮಾಡಬೇಕು. ನಡುವಿನ ಉಪ್ಪಿನ ಹರಳನ್ನು ಮಳೆನೀರಿನಲ್ಲಿ ಪೂರ್ತಿ ಕರಗಿಸಿ, ಮೋಟರಿನ ಸೆಳೆತ ಇರುವ ಕಡೆ ದಿನಕ್ಕೆ ಸ್ವಲ್ಪ ಸ್ವಲ್ಪವೇ ಸುರಿಯಬೇಕು. ಅವಸರಕ್ಕೆ ಒಮ್ಮೆಲೇ ಸುರಿದರೆ ಹವಳ ಮುಚ್ಚಿಕೊಂಡು ಕೂತುಬಿಡುತ್ತದೆ. ಇಷ್ಟು ಹೇಳಿ ಹರಳಿನ ಡಬ್ಬಿಯನ್ನು ಭರಣಿಯ ಪಕ್ಕ ಇಟ್ಟೆ. ಕಸ್ತೂರಿ ಡಬ್ಬಿಯನ್ನು ಸೆರಗಿನ ಮರೆಗೆ ಎಳೆದುಕೊಂಡಳು.

"ಮಗ್ಗಲ ಮನ್ಯಾಗ ಒಬ್ಬರು ಮುದುಕಿ ಅದಾರ್ರಿ ಅಕ್ಕಾರ. ಅವರು ಸೋಡಾ ನಿಲ್ಲಸಂಗಿಲ್ಲ. ನಾ ಹೇಳಿದರಂತೂ ಇನ್ನೂ ಎರಡು ಚಮಚ ಜಾಸ್ತಿ ಹಾಕ್ತಾರ."

ಆ ಮುದುಕಿಗೆ ನಾನೇ ಹೇಳುತ್ತೇನೆ ಎಂದೆ. ಕಸ್ತೂರಿ ಹೋದ ಮೇಲೆ ನಮ್ಮನೆಯವರು ಎದ್ದು ಬಂದು ನೀಲಿ ಬಟ್ಟಲನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. 'ಹೋಗಿ ಬಾ' ಎನ್ನುವಂತೆ ನನ್ನ ಚಪ್ಪಲಿಯ ಕಡೆ ಕಣ್ಣು ತೋರಿಸಿದರು. ಮನೆಯಿಂದ ಮನೆಗೆ ಎರಡೇ ಓಣಿ, ಆದರೂ ಆವತ್ತು ನಾನು ಬಾವಿಕಟ್ಟೆಯ ಸುತ್ತು ಹಾಕಿಕೊಂಡು ಹೋದೆ.

ಅವ್ವ ಜಗಲಿಯ ಮೇಲೆ ಬೇಳೆ ಆರಿಸುತ್ತಿದ್ದಳು. ನಾನು ಒಳಗೆ ಹೋಗದೆ ಅಲ್ಲೇ ಕೂತು ಸೋಡಾದ ವಿಷಯ ತೆಗೆದೆ. ಅವಳು ಮೊರದಿಂದ ಕಣ್ಣೆತ್ತಲಿಲ್ಲ. ನಿನ್ನನ್ನೂ ನಿನ್ನ ತಮ್ಮನನ್ನೂ ಸೋಡಾ ಹಾಕಿಯೇ ಹೆಸರಿಗೆ ತಂದೆ, ಆಗ ಈ ನಡುವಿನ ಉಪ್ಪು ಎಲ್ಲಿತ್ತು ಎಂದು ಕೇಳಿದಳು. ಆಗ ನೀನು ನೀರು ಬದಲಿಸುತ್ತಿದ್ದೆ, ಅದರಲ್ಲೇ ಇತ್ತು ಎಂದೆ. ಅವಳ ಕೈ ನಿಂತಿತು.

"ನಿನಗ ಆಸೆ ಐತಿ ದಾನವ್ವ," ಎಂದಳು. "ಕೂಸು ನಿನ್ನ ಮನಿಗೆ ಬರಲಿ ಅಂತ ಆಸೆ ಐತಿ. ಹಿಂಗಿದ್ದಾಗ ನೀ ಬಂದು ಸೋಡಾ ನಿಲ್ಲಸು ಅಂದರ ನಾ ಹ್ಯಾಂಗ ನಂಬಲಿ?"

ಹೆತ್ತವಳ ಬಾಯಲ್ಲಿ ಆ ಮಾತು ಕೇಳಿ ಎದ್ದು ಬಂದುಬಿಡಬೇಕು ಅನ್ನಿಸಿತು. ಏಳಲಿಲ್ಲ, ದನಿ ತಗ್ಗಿಸಿ ಹೇಳಿದೆ.

"ಆಸೆ ಐತೆವ್ವ. ನೀ ತಿಳಕೊಂಡದ್ದಕ್ಕಿಂತ ಜಾಸ್ತಿ ಐತಿ. ಇರಲಿಲ್ಲ ಅಂದ್ರ ಈ ಎರಡು ಓಣಿ ದಾಟಿ ಬರೋದು ನನಗ ಇಷ್ಟು ತ್ರಾಸ ಆಗತಿರಲಿಲ್ಲ."

ಅವ್ವ ಮೊರವನ್ನು ಪಕ್ಕಕ್ಕಿಟ್ಟು ಒಳಗೆ ಹೋದಳು. ಇನ್ನು ಬರುವುದಿಲ್ಲ ಎಂದುಕೊಂಡು ನಾನು ಏಳುವಷ್ಟರಲ್ಲಿ ಸೋಡಾದ ಡಬ್ಬಿ ತಂದು ನನ್ನ ಮಡಿಲಿಗೆ ಹಾಕಿದಳು. ಒಯ್ಯಿ ಇದನ್ನ, ಇಲ್ಲಿದ್ದರೆ ನನ್ನ ಕೈ ಸುಮ್ಮನಿರುವುದಿಲ್ಲ, ಎಂದಳು. ಆಮೇಲೆ ಮತ್ತೆ ಬೇಳೆ ಆರಿಸಲು ಕೂತಳು, ಆರಿಸಿಟ್ಟ ಬೇಳೆಯಲ್ಲೇ ಕಲ್ಲು ಹುಡುಕತೊಡಗಿದಳು.

ಮುಂದಿನ ದಿನಗಳು ಬಹಳ ನಿಧಾನವಾಗಿ ಸರಿದವು. ಭರಣಿ ನಮ್ಮ ಮನೆಗೂ ಆ ಮನೆಗೂ ಓಡಾಡಿತು, ಪ್ರತಿ ಸಲವೂ ಮಗ್ಗುಲ ಮನೆಯ ನೀರು ಎಂಬ ಹೆಸರಿನಲ್ಲೇ. ಅಳತೆ ಸ್ವಲ್ಪ ಸ್ವಲ್ಪವೇ ಏರುತ್ತಿತ್ತು. ಕಸ್ತೂರಿಗೆ ತಾಳ್ಮೆ ತಪ್ಪಿ, ಎರಡು ದಿನದ್ದನ್ನು ಒಂದೇ ದಿನ ಹಾಕಲೇ ಎಂದು ಕೇಳಿದಳು. ಬೇಡ ಎಂದು ಗದರಿದೆ. ಗದರಿದ ಮೇಲೆ ನನ್ನ ಮೇಲೆ ನನಗೇ ಅನುಮಾನ ಬಂತು. ನಿಧಾನ ಮಾಡು ಎಂದು ಹೇಳುತ್ತಿರುವವಳು ನೀರಿನ ದಾನಕ್ಕನೋ, ಕೊಂಡಿ ಹೊಡೆಸಿಕೊಂಡ ಮನೆಯ ದಾನಮ್ಮನೋ? ಔಷಧದ ಪೆಟ್ಟಿಗೆಯೊಳಗಿನ ಸೂಚನೆಯ ಚೀಟಿಯನ್ನು ಮತ್ತೆ ಓದಿ ನೋಡಿದೆ, ನಿಧಾನವೇ ಸರಿ ಎಂದಿತ್ತು. ಇತ್ತ ಮಗು ಒಂದೊಂದೇ ಹೆಜ್ಜೆ ಇಡತೊಡಗಿತು. ಕರೆದು ನಿಲ್ಲಿಸುವಂತಿಲ್ಲ, ಅತ್ತೆ ಸೊಸೆ ಇಬ್ಬರೂ ಸರದಿಯಂತೆ ಹಿಂದೆ ಓಡಿದರು. ಒಬ್ಬಳು ಸ್ನಾನಕ್ಕೆ ಹೋದರೆ ಇನ್ನೊಬ್ಬಳು ಹಲಗೆಗೆ ಬೆನ್ನು ಕೊಟ್ಟು ಕೂರುತ್ತಿದ್ದಳು. ಅದಕ್ಕೆ ಮೊದಲು ಅವರಿಬ್ಬರೂ ಒಂದು ಕೆಲಸವನ್ನು ಜೊತೆಯಾಗಿ ಮಾಡಿದ್ದನ್ನು ನಾನು ಕಂಡಿರಲಿಲ್ಲ.

ಆ ದಿನ ಮನೆ ಸಾರಿಸುವ ದಿನ. ನಾನು ಖಾಲಿಯಾದ ಹರಳಿನ ಡಬ್ಬಿಗೆ ಬದಲು ಇನ್ನೊಂದನ್ನು ಹಿಡಿದುಕೊಂಡು ಬೆಳಿಗ್ಗೆಯೇ ಹೋದೆ. ಸಾರಿಸಲೆಂದು ಹಲಗೆ ತೆಗೆದು ಗೋಡೆಗೆ ಆನಿಸಿದ್ದರು. ಕಸ್ತೂರಿ ಹಿತ್ತಲಲ್ಲಿ ಬಕೆಟ್ಟಿಗೆ ನೀರು ತುಂಬುತ್ತಿದ್ದ ಸದ್ದು ಕೇಳುತ್ತಿತ್ತು. ಕಾವಲಿಗೆ ಕೂತಿದ್ದ ಅವ್ವ ಗೋಡೆಗೊರಗಿ ತೂಕಡಿಸುತ್ತಿದ್ದಳು. ಮಗು ಪಡಸಾಲೆಯ ನಡುವೆ ನಿಂತಿತ್ತು. ಬಾಗಿಲಿನ ಆಚೆ ನನ್ನನ್ನು ಕಂಡು ಅದರ ಮುಖವೆಲ್ಲ ನಗುವಾಯಿತು. ಎರಡೂ ಕೈ ಮುಂದೆ ಮಾಡಿ ನನ್ನ ಕಡೆ ಹೊರಟಿತು.

ನಮ್ಮೂರ ಮನೆಗಳಲ್ಲಿ ತೊಟ್ಟಿ ಬಾಗಿಲಿಗೆ ಎದುರಾಗಿಯೇ ಇರುತ್ತದೆ. ಮಗುವಿನ ತಲೆಯ ಮೇಲಿಂದ ನನಗೆ ಹವಳ ಕಾಣುತ್ತಿತ್ತು. ಅದರ ಹಳೆಯ ಕವಲೊಂದರ ಬದಿಯಲ್ಲಿ ಜೋಳದ ಕಾಳಿನಷ್ಟು ಬಿಳುಪು. ಹಕ್ಕಳೆಯೋ ಏನೋ. ಹಕ್ಕಳೆಯಾಗಿದ್ದು ನಾನು ಬಾಯಿ ತೆರೆದರೆ ಹವಳ ಸಾಯುತ್ತದೆ, ತವರಿನ ತೊಟ್ಟಿ ಬಡಿಗೇರ ಓಣಿಯ ತೊಟ್ಟಿಯ ಹಾಗಾಗುತ್ತದೆ. ಮಗು ಇನ್ನೊಂದು ಹೆಜ್ಜೆ ಇಟ್ಟಿತು. ಬಿಳಿ ಪುಡಿ ಮೇಲಿನಿಂದ ಬೀಳುವಂಥದ್ದು, ಕವಲಿನ ಮೇಲ್ಮೈಗೆ ಕೂರುತ್ತದೆ. ಇದು ಹುಟ್ಟಿದ್ದು ಕವಲಿನ ಕೆಳಮಗ್ಗುಲಿಗೆ, ಪುಡಿ ಕೂರಲಾರದ ಜಾಗದಲ್ಲಿ. ಅಷ್ಟು ಯೋಚನೆ ಬಂದದ್ದೇ, ಉಳಿದದ್ದೆಲ್ಲ ತಲೆಯಿಂದ ಹೋಯಿತು.

ಮಗು ಹೊಸ್ತಿಲಿಗೆ ಬಂದು ಚೌಕಟ್ಟು ಹಿಡಿದು ಒಂದು ಕಾಲೆತ್ತಿತು. ನಾನು ಕೈ ಚಾಚಿದ್ದರೆ ಸಾಕಿತ್ತು. ಚಾಚದೆ ಸುಮ್ಮನೆ ನಿಂತಿದ್ದರೂ ಸಾಕಿತ್ತು. ಯಾರೂ ನನ್ನನ್ನು ತಪ್ಪಿತಸ್ಥಳು ಎನ್ನುವಂತಿರಲಿಲ್ಲ. ಹೆಸರು ಹೇಳಬೇಕು ಎಂದು ಗೊತ್ತು, ಆದರೆ ಅವ್ವ ಬರೆದದ್ದನ್ನು ಹೇಳಲೋ, ಕಸ್ತೂರಿ ಬರೆದದ್ದನ್ನು ಹೇಳಲೋ? ಅಂಗೈ ಬಿಚ್ಚಿದರೆ ಆ ಎರಡರ ಕೆಳಗೆ ಎಲ್ಲಕ್ಕಿಂತ ಮೊದಲು ಬರೆದದ್ದೊಂದು ಇತ್ತು. ಬಾಯಿಗೆ ಬಂದದ್ದು ಅದು.

"ಚಿದಾನಂದಾ."

ಮಗು ಎತ್ತಿದ ಕಾಲನ್ನು ಹಾಗೇ ಹಿಡಿದು ನನ್ನನ್ನು ನೋಡಿತು. ಹುಟ್ಟಿದಾಗಿನಿಂದ ಅದನ್ನು ಯಾರೂ ಕರೆದಿರಲಿಲ್ಲ. ಕರೆದರೆ ಏನಾಗುತ್ತದೆ ಎಂದು ಅದಕ್ಕೆ ತಿಳಿಯದು. ಎತ್ತಿದ ಕಾಲನ್ನು ಹೊಸ್ತಿಲ ಒಳಗೇ ಇಳಿಸಿ, ತೊಪ್ಪನೆ ಕೂತು, ಬಾಯಿ ತೆರೆದು ಕೇಳುತ್ತಾ ಉಳಿಯಿತು. ನಾನು ಅದನ್ನು ದಾಟಿ ಒಳಗೆ ಹೋಗಿ ತೊಟ್ಟಿಯ ಗಾಜಿಗೆ ಮುಖ ಹಚ್ಚಿದೆ. ಬಿಳಿ ಕಾಳಿನ ಸುತ್ತ ಕೂದಲಿನಷ್ಟು ಸಣ್ಣ ಎಳೆಗಳು ನೀರಿನ ಸೆಳೆತಕ್ಕೆ ಆಡುತ್ತಿದ್ದವು. ಅದು ಕವಲೇ. ಹವಳದ ಬುಡ ಮೊದಲಿದ್ದ ಬಣ್ಣದಲ್ಲೇ ಇತ್ತು.

ಅವ್ವ ಎಚ್ಚೆತ್ತು ಏನಂತ ಕರೆದೆ ಎಂದು ಕೇಳಿದಳು. ಕಸ್ತೂರಿ ಒದ್ದೆ ಕೈಯಲ್ಲೇ ಓಡಿ ಬಂದು ಹೊಸ್ತಿಲ ಒಳಗೆ ಕೂತ ಮಗುವನ್ನು ನೋಡಿದಳು, ತೊಟ್ಟಿ ನೋಡಿದಳು, ನನ್ನನ್ನು ನೋಡಿದಳು. ನಾನು ಮಗುವನ್ನು ಎತ್ತಿಕೊಂಡು, ಕಿವಿಯಲ್ಲಿ ಕುರ್ರ್ ಎಂದು ಊದಿ, ಅದೇ ಹೆಸರನ್ನು ಇನ್ನೊಮ್ಮೆ ಹೇಳಿ ಅವಳ ಕೈಗೆ ಕೊಟ್ಟೆ. ಅಷ್ಟರಲ್ಲಿ ಓಣಿಯ ಹೆಂಗಸರು ಬಂದಿದ್ದರು. ಗುದ್ದು ಬೀಳತೊಡಗಿದವು. ನೀರಿಗೆ ಬಂದಾಗಲೆಲ್ಲ ನನ್ನಿಂದ ಬೈಸಿಕೊಂಡವರು ಆವತ್ತು ಲೆಕ್ಕ ಚುಕ್ತಾ ಮಾಡಿಕೊಂಡರು. ಅವ್ವ ಎಲ್ಲರಿಗಿಂತ ಕೊನೆಗೆ ಬಂದಳು. ಕೈ ಎತ್ತಿದವಳು ಗುದ್ದದೆ ನನ್ನ ಬೆನ್ನಿನ ಮೇಲೆ ಕೈ ಇಟ್ಟಳು, ತೆಗೆಯಲಿಲ್ಲ. ನನ್ನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಗುದ್ದು ಜೋರಾಯಿತೇನೋ ಎಂದು ಯಾರೋ ನಕ್ಕರು.

ಎಲ್ಲರೂ ಹೋದ ಮೇಲೆ ಕಸ್ತೂರಿ ನನ್ನ ಹತ್ತಿರ ಬಂದಳು. ತಾನು ಬರೆದ ಹೆಸರಿಗಾಗಿ ಜಗಳ ತೆಗೆಯುತ್ತಾಳೆ ಎಂದುಕೊಂಡಿದ್ದೆ.

"ಯಾರ ಹೆಸರ್ರೀ ಅಕ್ಕಾರ ಅದು?"

"ನಮ್ಮ ಮನೀದು," ಎಂದೆ.

ಅವಳು ನನ್ನ ಅಂಗೈಯನ್ನು ತೆಗೆದುಕೊಂಡು ತನ್ನ ಸೆರಗಿನಿಂದ ಒರೆಸಿದಳು. ಹೆಸರು ಇಟ್ಟ ಮೇಲೆ ಸೋದರತ್ತೆಯ ಅಂಗೈ ಒರೆಸುವುದು ಪದ್ಧತಿ. ಅವಳು ಮೂರು ಸಲ ಒರೆಸಿದಳು.

ಮನೆಗೆ ಬಂದಾಗ ನಮ್ಮನೆಯವರು ಮೋಟರಿನ ಮುಂದೆ ಕೂತಿದ್ದರು. ಕವಲೊಡೆಯಿತು, ಹೆಸರಾಯಿತು ಎಂದಷ್ಟೇ ಹೇಳಿದೆ. ಅವರು ಒಳ್ಳೆಯದಾಯಿತು ಅಂದರು. ತೊಲೆಯ ಕೊಂಡಿಗಳ ಕಡೆ ಇಬ್ಬರೂ ನೋಡಲಿಲ್ಲ. ಯಾವ ಹೆಸರು ಎಂದು ಅವರು ಕೇಳಲಿಲ್ಲ, ಹೇಳಲು ನನಗೆ ಬಾಯಿ ಬರಲಿಲ್ಲ. ಅವರನ್ನು ಒಂದು ಮಾತು ಕೇಳದೆ ಕೊಟ್ಟು ಬಂದಿದ್ದೆನಲ್ಲ. ಒಲೆ ಹಚ್ಚಿ ಎಸರಿಟ್ಟೆ.

ಸಂಜೆಯ ಹೊತ್ತಿಗೆ ಓಣಿಯ ಆಚೆಯಿಂದ ಕಸ್ತೂರಿಯ ಕೂಗು ಕೇಳಿಸಿತು. ಇಷ್ಟು ದಿನ ಕರೆಯದೆ ಉಳಿಸಿಟ್ಟುಕೊಂಡಿದ್ದನ್ನೆಲ್ಲ ಒಂದೇ ದಿನ ಕರೆದು ಮುಗಿಸುವವಳ ಹಾಗೆ, ಮಗುವನ್ನು ಬೀದಿಗೆ ಬಿಟ್ಟು, ಚಿದಾನಂದಾ, ಚಿದಾನಂದಾ ಎಂದು ಕೂಗುತ್ತಿದ್ದಳು. ಅವಳ ಹಿಂದೆಯೇ ಅವ್ವನ ಒಡಕು ದನಿಯೂ ಅದೇ ಹೆಸರನ್ನು ಕೂಗಿತು. ನಮ್ಮನೆಯವರ ಕೈಯಿಂದ ಇಕ್ಕಳ ಕೆಳಗೆ ಬಿತ್ತು. ಆ ಹೆಸರನ್ನು ಅವರು ಒಮ್ಮೆ ಬೆರಳಿನಿಂದ ಬರೆದಿದ್ದರೇ ಹೊರತು ಯಾರ ಬಾಯಲ್ಲೂ ಕೇಳಿರಲಿಲ್ಲ. ಎದ್ದು ಬಂದು, ಒಲೆಯ ಮುಂದೆ ಕೂತಿದ್ದ ನನ್ನ ಬಲಗೈ ಹಿಡಿದು, ಅಂಗೈ ಬಿಚ್ಚಿ ನೋಡಿದರು. ಅಲ್ಲಿ ಏನೂ ಉಳಿದಿರಲಿಲ್ಲ.

"ಕೇಳಿದೇನು? ಕರ್ಯಾಕತ್ತಾರ," ಎಂದರು.

ಆಮೇಲೆ ಅಟ್ಟದಿಂದ ಹಗ್ಗ ತೆಗೆದು ಕೊಂಡಿಗಳಿಗೆ ಜೋಕಾಲಿ ಕಟ್ಟತೊಡಗಿದರು. ಹೆಸರಾದ ಮಗು, ಇನ್ನು ಯಾವ ಹೊಸ್ತಿಲನ್ನಾದರೂ ದಾಟಿ ಬರಬಹುದು.